ಹೊಸ ಪ್ಲೇಟಿನ ಹಂಬಲ

ಹಾಡು ಕೇಳಬೇಕೆಂಬ ಬಯಕೆ ಬೇರೆ. ಇದುವರೆಗೆ ಕೇಳದಿದ್ದ ಹಾಡನ್ನು ಕೇಳಬೇಕೆಂಬ ಬಯಕೆ ಬೇರೆ. ಮೊದಲನೆಯದು ಹಸಿವೆಯ ಜಾತಿಯದು. ಹೊತ್ತಿಗೆ ಹುಟ್ಟುತ್ತದೆ, ಜೋಳದ ರೊಟ್ಟಿ ಪುಂಡಿಪಲ್ಯಗಳಿಂದ ತಣಿಯುತ್ತದೆ, ಮರುದಿನ ಅದೇ ರೊಟ್ಟಿಯನ್ನೇ ಬೇಡುತ್ತದೆ. ಎರಡನೆಯದಕ್ಕೆ ಇಂಥ ವೇಳೆಯೆಂಬುದಿಲ್ಲ, ತಣಿವೂ ಇಲ್ಲ. ದೊರೆತ ಹೊಸದು ದೊರೆತ ಗಳಿಗೆಯಿಂದಲೇ ಹಳೆಯದಾಗತೊಡಗುವದರಿಂದ ಅದರ ಬೆನ್ನು ಹತ್ತಿದವನು ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ ಉಳಿಯುತ್ತಾನೆ. ಇಂಥ ಹಂಬಲವು ಮುಂಬಯಿ, ಕಲಕತ್ತೆಗಳಂಥ ಮಹಾನಗರಗಳಲ್ಲಿ ಮಾತ್ರ ಹುಟ್ಟತಕ್ಕದ್ದೆಂಬ ತಿಳುವಳಿಕೆ ಸಾಮಾನ್ಯವಾಗಿ ಇದೆ. ಆದರೆ ಹುಬ್ಬಳ್ಳಿಯಿಂದ ವಿಜಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ, ಹಳೆಯ ಕೋಟೆಯನ್ನು ಮಗ್ಗುಲಲ್ಲಿಟ್ಟುಕೊಂಡು, ಮಗ್ಗದ ಸಪ್ಪಳವನ್ನೂ ಸಂತೆಯ ಗದ್ದಲವನ್ನೂ ಕೇಳುತ್ತ ಬೆಳೆದ ಬಾದಾಮಿ ತಾಲೂಕಿನ ಕೆರೂರಿನಂಥ ಊರು ಕೂಡ ಈ ಹಂಬಲಕ್ಕೆ ಹೊರತಾಗಿರಲಿಲ್ಲ. ಹೊರತಾಗಿರಲಿಲ್ಲವಷ್ಟೇ ಅಲ್ಲ, ಈ ಸೀಮೆಯಲ್ಲಿ ಆ ಹಂಬಲವು ಪಡೆದ ತಿರುವು ಮಹಾನಗರಗಳಿಗೂ ದೊರೆಯದಂಥದು.

ಮೊದಲು ಗಾಯನವು ಊರಿಗೆ ಕಾಲ್ನಡಿಗೆಯಿಂದ ಬರುತ್ತಿತ್ತು, ಇಲ್ಲವೆ ಬಂಡಿಯಲ್ಲಿ ಬರುತ್ತಿತ್ತು. ಶ್ರಾವಣದ ಭಜನೆ, ಮೊಹರಮ್ಮಿನ ರಿವಾಯತ ಪದ, ಸುಗ್ಗಿಯ ತರುವಾಯ ಬೆಳತನಕ ನಡೆಯುವ ಶ್ರೀಕೃಷ್ಣಪಾರಿಜಾತದ ಆಟ, ನಸುಕಿನಲ್ಲಿ ಮನೆಮನೆಯಿಂದ ಕೇಳಬರುತ್ತಿದ್ದ ಬೀಸುವ ಪದ: ಇವೆಲ್ಲ ಊರಿನವು, ಇಲ್ಲವೆ ನೆರೆಯೂರಿನವು. ದೂರದ ದನಿಯೇನಾದರೂ ಬೇಕಾದರೆ ಬನದ ಹುಣ್ಣಿಮೆಯವರೆಗೆ ಕಾಯಬೇಕು. ಬಾದಾಮಿಯ ಹತ್ತಿರದ ಬನಶಂಕರಿಯ ಜಾತ್ರೆಗೆ ನಾಟಕ ಕಂಪನಿಗಳು ಬಂದು ಡೇರೆ ಹೊಡೆಯುವವು. ಒಂದು ಕಂಪನಿಯಲ್ಲ, ಹಲವು. ಒಂದು ರಾತ್ರಿಯಲ್ಲ, ಸುಮಾರು ಒಂದು ತಿಂಗಳು. ಸುತ್ತಲಿನ ಊರುಗಳ ಜನರು ಬುತ್ತಿ ಕಟ್ಟಿಕೊಂಡು ಬಂಡಿಗಳಲ್ಲಿ ಹೋಗಿ, ತಾಯಿಯ ದರ್ಶನದ ಪುಣ್ಯವನ್ನೂ ನಾಟಕದ ಸುಖವನ್ನೂ ಒಂದೇ ಖರ್ಚಿನಲ್ಲಿ ಪಡೆದು ಬರುವರು. ಪೇಟಿಯ ಸ್ವರಕ್ಕೆ ನಟನು ಪದವನ್ನೆತ್ತಿದನೆಂದರೆ ಕಥೆ ಅಲ್ಲಿಯೇ ನಿಂತಿತು. ಸಾಯುತ್ತ ಬಿದ್ದಿದ್ದ ವೀರನು ಸಹ ‘ವನ್ಸ್ ಮೋರ್’ ಎಂಬ ಕೂಗಿಗೆ ಎದ್ದು ಕುಳಿತು ಮತ್ತೊಮ್ಮೆ ಹಾಡಿ ತಿರುಗಿ ಸಾಯುತ್ತಿದ್ದನು. ಇದನ್ನು ಕಂಡು ನಗುವ ವಿದ್ವಾಂಸರುಂಟು. ಆದರೆ ಆ ಕೂಗಿನಲ್ಲಿದ್ದ ಬೇಡಿಕೆಯನ್ನು ಗಮನಿಸಬೇಕು. ಹಾಡಿನ ಹಿಂದೆ ಹಾಡುಗಾರನು ಹೊರಟುಹೋಗುತ್ತಾನೆ. ನಾಳೆ ಕಂಪನಿ ಡೇರೆ ಕಿತ್ತರೆ ಆ ದನಿ ಮತ್ತೆ ಯಾವ ವರುಷಕ್ಕೋ! ಹಿಡಿದಿಟ್ಟುಕೊಳ್ಳಲು ಬಾರದ್ದನ್ನು ಹಿಡಿದಿಟ್ಟುಕೊಳ್ಳುವ ಹವಣಿಕೆಯೇ ‘ವನ್ಸ್ ಮೋರ್’.

ಈ ಹವಣಿಕೆಗೆ ಉತ್ತರವಾಗಿ ಬಂದದ್ದು ಗ್ರಾಮಾಫೋನು. ಎಡಿಸನ್ನನು 1877ರಲ್ಲಿ ದನಿಯನ್ನು ಕೊಳವೆಯ ಮೇಲೆ ಗೀರಿದನು. ಬರ್ಲಿನರನು 1887ರಲ್ಲಿ ಕೊಳವೆಯನ್ನು ಬಿಟ್ಟು ಚಪ್ಪಟೆಯ ತಟ್ಟೆಯ ದಾರಿ ಹಿಡಿದನು. 1902ರಲ್ಲಿ ಗೈಸ್‌ಬರ್ಗನೆಂಬವನು ಕಲಕತ್ತೆಗೆ ಬಂದಿಳಿದು ಗೋಹರಜಾನಳ ಕಂಠವನ್ನು ತಟ್ಟೆಗೆ ಇಳಿಸಿಕೊಂಡು ಹೋದನು. ಆ ಗೋಹರಜಾನಳು ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡಳು. ಅವಳ ಹಾಡುಗಳ ಕೊನೆಗೆ ಅವಳೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುವದನ್ನು ಕೇಳಿದವರು ಅದನ್ನು ಗರ್ವವೆಂದು ತಿಳಿಯುವದುಂಟು. ನಿಜವಾದ ಕಾರಣ ಬೇರೆ. ಇಲ್ಲಿ ಮುದ್ರಿಸಿದ ಮೇಣದ ಅಚ್ಚುಗಳು ಹಡಗನ್ನೇರಿ ಜರ್ಮನಿಯ ಹ್ಯಾನೋವರಕ್ಕೆ ಹೋಗಬೇಕಾಗಿತ್ತು. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಯ ಮೇಲೆ ಯಾರ ಹೆಸರಿನ ಚೀಟಿ ಅಂಟಿಸಬೇಕೆಂಬುದು ಹಾಡಿನ ಭಾಷೆಯಿಂದ ತಿಳಿಯುವಂತಿರಲಿಲ್ಲ. ಅದಕ್ಕಾಗಿ ಈ ಉದ್ಘೋಷ. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆಯಾದ ಬಳಿಕ ಈ ತೊಡಕು ತೀರಿತು.

ತಟ್ಟೆಯ ಮೈ ಅರಗಿನದು. ಬಳೆಗಾರನೂ ಅಕ್ಕಸಾಲಿಗನೂ ಬಳಸುವ ಅದೇ ಅರಗಿಗೆ ಕಲ್ಲಿನ ಹಿಟ್ಟು, ಕಾಡಿಗೆಗಳನ್ನು ಬೆರೆಸಿ ಕಾಯಿಸಿ ಒತ್ತಿದರೆ ಕರಿಯ ತಟ್ಟೆಯಾಗುತ್ತದೆ. ಜಗತ್ತಿಗೆಲ್ಲ ಆ ಅರಗನ್ನು ಒದಗಿಸುತ್ತಿದ್ದುದು ಬಹುಪಾಲು ಹಿಂದುಸ್ಥಾನದ ಕಾಡುಗಳೇ. ನ್ಯೂಯಾರ್ಕಿನವನು ಕೇಳಿದ ಅವನೂರಿನ ಹಾಡಿನಲ್ಲಿಯೂ ಈ ನೆಲದ ಮರದ ಹುಳವು ಸುರಿಸಿದ ಅಂಟು ಇರುತ್ತಿತ್ತೆಂಬುದು ಮನಸ್ಸಿನಲ್ಲಿಡತಕ್ಕ ಸಂಗತಿ. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗಲಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಹಾಡು. ಪ್ರತಿಯೊಂದು ಮಗ್ಗಲಿಗೂ ಹೊಸ ಮುಳ್ಳು, ಪ್ರತಿಯೊಂದು ಮಗ್ಗಲಿಗೂ ಕೀಲಿ. ಕೀಲಿ ಕೊಡುವ ಹುಡುಗನು ಮೈಮರೆತನೆಂದರೆ ಎಂಥ ಗಾನಕೋಗಿಲೆಯೂ ನಡುವೆಯೇ ಗಂಡುದನಿಯಾಗಿ, ಬಳಿಕ ಎಮ್ಮೆಯ ದನಿಯಾಗಿ, ಕೊನೆಗೆ ನಿಟ್ಟುಸಿರಾಗಿ ನಿಂತುಬಿಡುತ್ತಿದ್ದಳು. ಜನರು ಇದಕ್ಕೆ ತಟ್ಟೆಯೆನ್ನಲಿಲ್ಲ, ಮುದ್ರಿಕೆಯೆನ್ನಲಿಲ್ಲ, ‘ಪ್ಲೇಟು’ ಎಂದರು. ಆ ಹೆಸರೇ ನಿಂತಿತು.

ಇನ್ನು ಹೊಸ ಪ್ಲೇಟನ್ನು ಆರಿಸುವ ಬಗೆ. ಇಂದಿನ ಓದುಗರಿಗೆ ಇದು ಸ್ವಲ್ಪ ವಿಚಿತ್ರವಾಗಿ ತೋರಬಹುದು. ಹಾಡನ್ನು ಕೇಳಿ ಕೊಳ್ಳುವದು ಎಲ್ಲರಿಗೂ ಸಾಧ್ಯವಿರಲಿಲ್ಲ. ಅನೇಕರು ಕೊಂಡೇ ಕೇಳಬೇಕು. ಕಂಪನಿಯವರು ಅಚ್ಚುಹಾಕಿಸಿದ ಯಾದಿಯಲ್ಲಿ ಹಾಡಿನ ಮೊದಲ ಸಾಲು, ರಾಗದ ಹೆಸರು, ಹಾಡಿದವರ ಹೆಸರು ಇಷ್ಟು ಇರುವವು. ಅದನ್ನು ಪಂಚಾಂಗದಂತೆ ಮತ್ತೆ ಮತ್ತೆ ತಿರುವಿಹಾಕಿ, ರಾಗದಿಂದ ರಸವನ್ನು ಊಹಿಸಿ, ಹೆಸರಿನಿಂದ ಕಂಠವನ್ನು ಊಹಿಸಿ, ಹುಬ್ಬಳ್ಳಿಗೋ ಬಾಗಲಕೋಟೆಗೋ ಹೋಗುವ ಗೃಹಸ್ಥರ ಕೈಯಲ್ಲಿ ಚೀಟಿ ಬರೆದು ಕೊಡುವದು. ಬಂದ ಪ್ಲೇಟು ಬರೆದದ್ದೇ ಆಗಿದ್ದರೆ ಸಂತೋಷ. ಬೇರೆಯದಾಗಿದ್ದರೆ ಕೆಲವು ಸಲ ಹೆಚ್ಚಿನ ಸಂತೋಷ. ಅಂಗಡಿಕಾರನ ತಪ್ಪಿನಿಂದ ಮನೆಗೆ ಬಂದ ಪ್ಲೇಟಿನಲ್ಲಿ ಎಷ್ಟು ಮನೆತನಗಳು ತಮ್ಮ ಮೆಚ್ಚಿನ ಗಾಯಕರನ್ನು ಕಂಡುಕೊಂಡಿರಬೇಕೆಂಬುದನ್ನು ಯಾವ ಇತಿಹಾಸಕಾರನೂ ಲೆಕ್ಕವಿಟ್ಟಿಲ್ಲ. ಕೊಳ್ಳುವ ಶಕ್ತಿಯಿಲ್ಲದವರಿಗೆ ಅಂಗಡಿಯ ಮುಂದಿನ ರಸ್ತೆಯಿತ್ತು. ಗಿರಾಕಿಗಳನ್ನು ಸೆಳೆಯಲೆಂದು ಅಂಗಡಿಯವನು ಹಚ್ಚಿದ ಪ್ಲೇಟು ಗಿರಾಕಿಯಲ್ಲದವರನ್ನೂ ಸೆಳೆಯುತ್ತಿತ್ತು. ಕರ್ನಾಟಕದ ಸಂಗೀತವು ಈ ಪುಕ್ಕಟೆ ಶ್ರೋತೃಗಳಿಗೆ ಬಹಳ ಋಣಿಯಾಗಿದೆ.

ಧಾರವಾಡದ ಒಬ್ಬ ಹುಡುಗಿ ಬೀದಿಯಲ್ಲಿ ಗ್ರಾಮಾಫೋನಿನ ದನಿ ಕೇಳಿದೊಡನೆ ಮನೆಯಿಂದ ಓಡಿಬಂದು ನಿಲ್ಲುತ್ತಿದ್ದಳು. ಕೇಳಿದ್ದನ್ನು ಹಾಗೆಯೇ ಹಾಡಿ ತೋರಿಸುತ್ತಿದ್ದಳು. ಮುಂದೆ ಅವಳೇ ಗಂಗೂಬಾಯಿ ಹಾನಗಲ್ಲಳಾಗಿ 1930ರ ದಶಕದಲ್ಲಿ ತನ್ನ ದನಿಯನ್ನು ಅದೇ ಪ್ಲೇಟುಗಳಿಗೆ ಕೊಟ್ಟಳು. ಗದಗಿನ ಭೀಮಸೇನ ಜೋಶಿಯ ಕಥೆಯಂತೂ ಎಲ್ಲರ ಬಾಯಲ್ಲಿದೆ. ಅಬ್ದುಲ್ ಕರೀಂಖಾನರು ಝಿಂಝೋಟಿಯಲ್ಲಿ ಹಾಡಿದ ಠುಮರಿಯ ಪ್ಲೇಟು ಕಿವಿಗೆ ಬಿದ್ದದ್ದೇ ತಡ, ಹುಡುಗನಿಗೆ ಮನೆಯಲ್ಲಿ ಕಾಲು ನಿಲ್ಲದಾಯಿತು. 1933ರಲ್ಲಿ, ಇನ್ನೂ 11 ವರುಷದವನಿರುವಾಗ, ಗುರುವನ್ನು ಹುಡುಕುತ್ತ ಹೊರಟುಬಿಟ್ಟನು. ಗ್ವಾಲಿಯರ, ಕಲಕತ್ತೆ, ಜಾಲಂಧರ ಎಂದು ಅರ್ಧ ಹಿಂದುಸ್ಥಾನವನ್ನು ತಿರುಗಿದನು. ಕೊನೆಗೆ ದೊರೆತ ಗುರು ಸವಾಯಿ ಗಂಧರ್ವರು; ಅವರು ಅದೇ ಅಬ್ದುಲ್ ಕರೀಂಖಾನರ ಶಿಷ್ಯರು; ಅವರಿದ್ದ ಕುಂದಗೋಳವು ಗದಗಿನಿಂದ ಒಂದೇ ಹಗಲಿನ ದಾರಿ! ಪ್ಲೇಟು ಹುಡುಗನನ್ನು ದೂರಕ್ಕೆ ಅಟ್ಟಿತು. ದೂರವು ಅವನನ್ನು ಮನೆಯ ಹಿತ್ತಲಿಗೇ ತಂದು ಬಿಟ್ಟಿತು. ಹೊಸ ಹಾಡಿನ ಬೆನ್ನು ಹತ್ತಿದವರಿಗೆ ಇಂಥ ಮೋಸವು ಮೇಲಿಂದ ಮೇಲೆ ಆಗುವದುಂಟು.

ಆದರೆ ಪ್ಲೇಟು ಮಾಡಿದ ಕೆಲಸಗಳಲ್ಲಿ ಇದಕ್ಕಿಂತಲೂ ದೊಡ್ಡದೊಂದಿದೆ. ಅದರ ಬಗ್ಗೆ ಮರ್ಯಾದಸ್ಥರ ಮನೆಗಳಲ್ಲಿ ಮಾತು ಕಡಿಮೆ. ಆ ಕಾಲದಲ್ಲಿ ಬಹಿರಂಗವಾಗಿ ಹಾಡುತ್ತಿದ್ದ ಹೆಣ್ಣುಮಕ್ಕಳು ಬಹುಶಃ ಕಲಾವಂತ ಮನೆತನಗಳವರು. ಅವರ ಗಾಯನಕ್ಕೆ ಮದುವೆಯ ಚಪ್ಪರದಲ್ಲಿ, ಜಮೀನುದಾರರ ಬೈಠಕ್ಕಿನಲ್ಲಿ ಗಂಡಸರ ಎದುರಿಗೆ ಜಾಗವಿತ್ತು. ಮನೆಯ ಪಡಸಾಲೆಯೊಳಗೆ, ಹೆಂಗಸರು ಮಕ್ಕಳ ನಡುವೆ ಜಾಗವಿರಲಿಲ್ಲ. ಸೊಸೆಯಾದವಳು ಅವರ ಹಾಡು ಕೇಳುವದೆಂದರೇನು, ಅವರ ಹೆಸರೆತ್ತುವದೂ ಮುಜುಗರದ ಮಾತು. ಅದೇ ಕಂಠವು ಅರಗಿನ ತಟ್ಟೆಯಲ್ಲಿ ಅಡಗಿ, ನಾಯಿಯ ಚಿತ್ರದ ಚೀಟಿ ಅಂಟಿಸಿಕೊಂಡು ಬಂದಾಗ ಯಾರೂ ಬಾಗಿಲಲ್ಲಿ ತಡೆಯಲಿಲ್ಲ. ದೇವರ ಕೋಣೆಯ ಪಕ್ಕದಲ್ಲಿಯೇ ಕೀಲಿ ಕೊಟ್ಟು ಕೂಡ್ರಿಸಿದರು. ಗಂಡಸರು ಹೊರಗೆ ಹೋದ ಮಧ್ಯಾಹ್ನ ಅಕ್ಕಿ ಆರಿಸುತ್ತ ಕುಳಿತ ಅತ್ತೆ ಸೊಸೆಯರು ಮೀರೆಯ ಭಜನೆಯನ್ನು ಕೇಳಿ ಕಣ್ಣೊರಸಿಕೊಂಡರು. ಇದನ್ನು ಸಮಾಜದ ಕಪಟವೆನ್ನುವವರು ಅನ್ನಬಹುದು. ಹಾಡುವವಳನ್ನು ಹೊರಗಿಟ್ಟು ಹಾಡನ್ನು ಒಳಗೆ ಕರೆದುಕೊಳ್ಳುವದು ಕಪಟವೇ ಹೌದು. ಆದರೆ ಒಳಗೆ ಬಂದ ಹಾಡು ಸುಮ್ಮನೆ ಕೂಡ್ರಲಿಲ್ಲ. ಅದು ಹೆಣ್ಣುಮಕ್ಕಳ ಕಿವಿಯನ್ನು ತಿದ್ದಿತು. ಮನೆಯ ಮಗಳು ಪೇಟಿ ಕಲಿತರೆ ತಪ್ಪೇನೆಂಬ ಪ್ರಶ್ನೆಯನ್ನು ಮೊದಲು ಮೆಲ್ಲಗೆ, ಬಳಿಕ ಗಟ್ಟಿಯಾಗಿ ಕೇಳಿಸಿತು.

ಕೆರೂರಿನ ಸೀಮೆಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಘಟಪ್ರಭೆಯನ್ನು ದಾಟಿ ಬಡಗಲಿಗೆ ನಡೆದರೆ ಬೀಳಗಿ ಸಿಗುತ್ತದೆ. ಆ ಬೀಳಗಿಯ ಕಲಾವಿದರ ಮನೆತನವೊಂದರಲ್ಲಿ ಹುಟ್ಟಿದ ಅಕ್ಕತಂಗಿಯರಲ್ಲಿ ಇಬ್ಬರು ಹೊರಗಿನ ಪ್ರಾಂತವನ್ನು ಗೆದ್ದರು. ಗೋಹರಬಾಯಿಯು ಮರಾಠಿ ರಂಗಭೂಮಿಗೆ ಹೋಗಿ ಬಾಲಗಂಧರ್ವರ ಸಂಗಡ ನಿಂತು ಹಾಡಿದಳು; ಸ್ತ್ರೀಪಾತ್ರಗಳಿಗೆಂದೇ ಪ್ರಸಿದ್ಧನಾದ ಪುರುಷನ ಮುಂದೆ ನಿಜವಾದ ಸ್ತ್ರೀಯೊಬ್ಬಳು ಪಾತ್ರ ವಹಿಸುವದೆಂದರೆ ಎದೆಗಾರಿಕೆಯ ಕೆಲಸವೇ. ಅಮೀರಬಾಯಿಯು ಮುಂಬಯಿಯ ಬೋಲುಪಟಗಳಿಗೆ ಹೋದಳು. ಇಬ್ಬರ ಹೆಸರಿನ ಮುಂದೆಯೂ ಬಂದು ಕುಳಿತದ್ದು ‘ಕರ್ನಾಟಕಿ’ ಎಂಬ ಪದ. ವಾಚಕರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಬೀಳಗಿಯು ಆಗ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯದು. ಕನ್ನಡ ನಾಡು ಒಂದಾದದ್ದು 1956ರಲ್ಲಿ. ಅದಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಏಕೀಕರಣದ ಮುಂದಾಳುಗಳು ಸಭೆಗಳಲ್ಲಿ ಠರಾವು ಮಾಡುತ್ತಿದ್ದ ಕಾಲಕ್ಕೆ ಆ ಹೆಸರು ಈ ಹೆಣ್ಣುಮಕ್ಕಳ ಪ್ಲೇಟಿನ ಚೀಟಿಯ ಮೇಲೆ ಅಚ್ಚಾಗಿ ಲಾಹೋರದಿಂದ ಕಲಕತ್ತೆಯವರೆಗೆ ತಿರುಗುತ್ತಿತ್ತು. ನಾಡಿಗಿಂತ ಮೊದಲು ನಾಡಿನ ಹೆಸರು ಹಾಡಿನ ಮೇಲೆ ಹತ್ತಿ ಹೋಯಿತು.

ಅಮೀರಬಾಯಿಗೆ 1943 ದೊಡ್ಡ ವರುಷ. ಆ ವರುಷದ ‘ಕಿಸ್ಮತ್’ ಚಿತ್ರಕ್ಕೆ ಅನಿಲ ಬಿಸ್ವಾಸರ ಸಂಗೀತ. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಅದು ಮೂರು ವರುಷಕ್ಕೂ ಮಿಕ್ಕಿ ನಡೆಯಿತು. ಅದರಲ್ಲಿಯ ಅವಳ ಹಾಡುಗಳ ಪ್ಲೇಟುಗಳು ಮುಳ್ಳಿನ ತಿಕ್ಕಿಗೆ ಸವೆದು ಬೆಳ್ಳಗಾಗುವವರೆಗೆ ಮನೆಮನೆಗಳಲ್ಲಿ ತಿರುಗಿದವು. ಮರುವರುಷ ನೌಶಾದರ ‘ರತನ್’. 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಅವಳೇ ಸಂಗೀತ ಕೂಡಿಸಿದಳು. ಹೆಂಗಸೊಬ್ಬಳು ಸಂಗೀತ ನಿರ್ದೇಶಕಿಯಾಗುವದು ಆಗಲೂ ವಿರಳ, ಅನಂತರವೂ ವಿರಳ. ಅವಳ ಜೀವನವನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿರುವದರಿಂದ ಇಲ್ಲಿ ಅದನ್ನೆಲ್ಲ ವಿಸ್ತರಿಸಬೇಕಾಗಿಲ್ಲ. ಕೇಳುವವರ ಕಡೆಯಿಂದ ಒಂದು ಮಾತನ್ನಷ್ಟು ಹೇಳಬೇಕು. ಅವಳ ಹಿಂದಿಯಲ್ಲಿ, ಉರ್ದುವಿನ ಎಲ್ಲ ನಯದ ಕೆಳಗೆ, ಈ ಸೀಮೆಯ ದನಿಯ ಒಂದು ಭಾರವಿದೆ. ಎದೆಯಿಂದ ಎತ್ತುವ, ಕೊನೆಯಲ್ಲಿ ತುಸು ಇಳಿಬಿಡುವ ಈ ಬಗೆ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿದವರ ಕೊರಳಿನದು. ‘ಯಾರಕಿನೋ ಇಕಿ? ನಮ್ಮ ಕಡೀಕಿ ಇದ್ದಂಗ ಅದಾಳಲ್ಲ’ ಎಂದು ಭಾಷೆಯೇ ತಿಳಿಯದ ಅಜ್ಜಿ ಕೇಳಿದ್ದರೆ ಅದರಲ್ಲಿ ಸೋಜಿಗವಿಲ್ಲ.

ಇನ್ನು ಆ ತಿರುವಿನ ಮಾತು. ಕೆರೂರಿನಂಥ ಊರಿಗೆ ಜಾಜ್ ಎಂಬ ಸಂಗೀತವು, ಲ್ಯಾಟಿನ್ ಅಮೇರಿಕೆಯ ಕುಣಿತದ ತಾಳವು ಬಂದ ಬಗೆ ಹೇಗೆ? ವಿಲಾಯತಿಯ ಪ್ಲೇಟುಗಳಿಂದ ಅಲ್ಲ; ಅವನ್ನು ಇಲ್ಲಿ ಕೊಳ್ಳುವವರಾರು? ಅದು ಬಂದದ್ದು ಬೀಳಗಿಯ ಇದೇ ಕೊರಳಿನಲ್ಲಿ. 1950ರ ‘ಸಮಾಧಿ’ ಎಂಬ ಚಿತ್ರವು ಆಜಾದ್ ಹಿಂದ್ ಸೇನೆಯ ಕಥೆ. ಸಂಗೀತ ಸಿ. ರಾಮಚಂದ್ರರದು. ಅದರಲ್ಲಿಯ ‘ಗೋರೆ ಗೋರೆ’ ಎಂಬ ಹಾಡನ್ನು ಹಾಡಿದವರು ಇಬ್ಬರು: ಅಮೀರಬಾಯಿ ಕರ್ನಾಟಕಿ ಮತ್ತು ಆಗಿನ್ನೂ 20ರ ಆಸುಪಾಸಿನಲ್ಲಿದ್ದ ಲತಾ ಮಂಗೇಶಕರ. ಆ ಹಾಡಿನ ವಂಶಾವಳಿಯನ್ನು ಬಿಡಿಸಿದರೆ ಭೂಗೋಲವೇ ಬಿಚ್ಚಿಕೊಳ್ಳುತ್ತದೆ. ಅದರ ಮೂಲವು 1945ರಲ್ಲಿ ತಯಾರಾದ ‘ಡಾಲ್ ಫೇಸ್’ ಎಂಬ ಅಮೇರಿಕದ ಚಿತ್ರದ ಒಂದು ಹಾಡು. ಸ್ವರ ಕೂಡಿಸಿದವನು ಜಿಮ್ಮಿ ಮ್ಯಾಕ್‌ಹ್ಯೂ ಎಂಬ ಅಮೇರಿಕದವನು; ಹಾಡಿದವಳು ಪೋರ್ತುಗಾಲದಲ್ಲಿ ಹುಟ್ಟಿ ಬ್ರಾಜಿಲ್ಲಿನಲ್ಲಿ ಬೆಳೆದ ಕಾರ್ಮೆನ್ ಮಿರಾಂಡಾ; ಹಾಡಿನಲ್ಲಿ ಬರುವ ಊರು ಕ್ಯಾರಿಬಿಯನ್ ಸಮುದ್ರದ ಪೋರ್ಟೊ ರಿಕೊ. ಅದನ್ನು ಅಹಮದನಗರ ಜಿಲ್ಲೆಯ ಪುಣತಾಂಬೆಯಲ್ಲಿ ಹುಟ್ಟಿದ ರಾಮಚಂದ್ರ ಚಿತಳಕರರು ಹಿಂದೀ ಬೋಲುಪಟಕ್ಕೆ ಒಗ್ಗಿಸಿದರು.

ಅಂಥ ತಾಳವನ್ನು ಬಾರಿಸಿ ಬಲ್ಲ ವಾದಕರು ಮುಂಬಯಿಯಲ್ಲಿ ಅಷ್ಟೊತ್ತಿಗೆ ಸಿದ್ಧರಾಗಿದ್ದರು. 1935ರಲ್ಲಿ ಲಿಯಾನ್ ಆ್ಯಬಿ ಎಂಬ ಆಫ್ರಿಕ ಮೂಲದ ಅಮೇರಿಕನು ತನ್ನ ಮೇಳದೊಡನೆ ಬಂದು ತಾಜಮಹಾಲ ಹೊಟೇಲಿನಲ್ಲಿ ಜಾಜ್ ನುಡಿಸಿದಂದಿನಿಂದ ಅಲ್ಲಿ ಆ ಸಂಗೀತಕ್ಕೆ ಬೇರು ಹತ್ತಿತ್ತು. ಗೋವೆಯ ಇಗರ್ಜಿಗಳ ಶಾಲೆಯಲ್ಲಿ ಸ್ವರಲಿಪಿ ಕಲಿತ ಕ್ರೈಸ್ತ ವಾದಕರು ರಾತ್ರಿ ಹೊಟೇಲುಗಳಲ್ಲಿ ಜಾಜ್ ನುಡಿಸುವರು, ಹಗಲು ಚಿತ್ರಗಳ ಮೇಳಗಳಲ್ಲಿ ದುಡಿಯುವರು. ಅವರಲ್ಲಿ ‘ಚಿಕ್ ಚಾಕೊಲೇಟ್’ ಎಂಬ ಹೆಸರಿನಿಂದ ಪ್ರಸಿದ್ಧನಾಗಿದ್ದ ಆಂಟೋನಿಯೊ ವಾಝನು ತುತ್ತೂರಿಯಲ್ಲಿ ಹಿಂದುಸ್ಥಾನದ ಲೂಯಿ ಆರ್ಮ್‌ಸ್ಟ್ರಾಂಗನೆನಿಸಿದ್ದನು. ರಾಮಚಂದ್ರರ ಸಂಗಡ ಅವನ ಜೋಡಿ ಗಟ್ಟಿಯಾಗಿ ಕುದುರಿತ್ತು. 1951ರ ‘ಅಲಬೇಲಾ’ ಚಿತ್ರದಲ್ಲಿ ತನ್ನ ಮೇಳದೊಡನೆ ಅವನು ತೆರೆಯ ಮೇಲೆಯೇ ಕಾಣಿಸಿಕೊಂಡಿದ್ದಾನೆ. ಇಷ್ಟು ಸಮುದ್ರಗಳನ್ನು ದಾಟಿದ ತಾಳವು ಕೊನೆಗೆ ಬಂದು ಕೂಡಿದ್ದು ಎಲ್ಲಿ? ಘಟಪ್ರಭೆಯ ದಂಡೆಯ ದನಿಯಲ್ಲಿ. ಭೀಮಸೇನ ಜೋಶಿಯ ಕಥೆಯಲ್ಲಿ ದೂರವು ಹಿತ್ತಲಿಗೆ ತಂದು ಬಿಟ್ಟಂತೆಯೇ ಇಲ್ಲಿಯೂ ಆಯಿತು. ಆದರೆ ಈ ಸಲ ತಿರುಗಿದ್ದು ಹಾಡು, ಹುಡುಗನಲ್ಲ.

ಈ ಹಾಡನ್ನು ಹಿರಿಯರು ಮೆಚ್ಚಿದರೆಂದು ಹೇಳಿದರೆ ಸುಳ್ಳಾದೀತು. ಇಂಥ ಹಾಡುಗಳನ್ನು ‘ಗದ್ದಲ’ವೆಂದು ಕರೆದವರಲ್ಲಿ ಸಂಗೀತ ಬಲ್ಲವರೂ ಇದ್ದರು. ಸರಕಾರವೇ ಆ ಪಕ್ಷವನ್ನು ವಹಿಸಿತು: 1952ರಲ್ಲಿ ಕೇಂದ್ರಮಂತ್ರಿ ಕೇಸಕರರ ಕಾಲದಲ್ಲಿ ಚಿತ್ರಗೀತೆಗಳು ಆಕಾಶವಾಣಿಯಿಂದ ಮರೆಯಾದವು, ಜನರು ಸಿಲೋನ್ ರೇಡಿಯೋದತ್ತ ಕಿವಿ ತಿರುಗಿಸಿದರು, 1957ರಲ್ಲಿ ವಿವಿಧ ಭಾರತಿಯು ಬರುವವರೆಗೆ ಈ ಜಗ್ಗಾಟ ನಡೆಯಿತು. ಆಕ್ಷೇಪಣೆಯಲ್ಲಿ ಒಂದು ಪಾಲು ನಿಜವಿತ್ತು. ಆ ಹಾಡಿನಲ್ಲಿ ಅಮೀರಬಾಯಿಯ ಉತ್ತಮಾಂಶವಿಲ್ಲ. ಅವಳ ಉತ್ತಮಾಂಶವನ್ನು ಹುಡುಕುವವರು ‘ಕಿಸ್ಮತ್’ ಚಿತ್ರದ ಕೃಷ್ಣಭಕ್ತಿಯ ಹಾಡಿಗೆ ಹೋಗಬೇಕು. ಅಲ್ಲಿ ಪ್ರತಿಯೊಂದು ಸ್ವರವೂ ನಿಂತು, ಸುತ್ತಲೂ ನೋಡಿ, ಮುಂದೆ ಹೆಜ್ಜೆಯಿಡುತ್ತದೆ. ಇಲ್ಲಿ ತಾಳವು ಅವಳನ್ನು ಹಾಗೆ ನಿಲ್ಲಗೊಡುವದಿಲ್ಲ. ಆದರೂ ಅವಳು ನಗುತ್ತಾಳೆ, ಓಡುತ್ತಾಳೆ, ಅರೆವಯಸ್ಸಿನ ಹೆಣ್ಣುಮಗಳು ಮದುವೆಮನೆಯಲ್ಲಿ ಹುಡುಗಿಯರ ಕೂಡ ಆಟಕ್ಕೆ ಇಳಿದಂತೆ. ಪಕ್ಕದಲ್ಲಿ ಲತೆಯ ದನಿ, ಹೊಸ ದಾರದಂತೆ ಸಣ್ಣಗೆ, ಬಿಗಿಯಾಗಿ. ಒಬ್ಬಳು ಕೇಳಿದರೆ ಒಬ್ಬಳು ಉತ್ತರಿಸುವ ಆ ಮೂರು ನಿಮಿಷಗಳಲ್ಲಿ ಒಂದು ಕಾಲವು ಮತ್ತೊಂದು ಕಾಲದ ಕೈಗೆ ಕೀಲಿಕೈಯನ್ನು ಕೊಟ್ಟು ಹೊರಡುವದು ಕೇಳಿಸುತ್ತದೆ. ಅದೇ ದಶಕದಲ್ಲಿ ಹಾಡುವ ಕೆಲಸವು ಅಮೀರಬಾಯಿಗೆ ವಿರಳವಾಯಿತು, ಸಣ್ಣಪುಟ್ಟ ಪಾತ್ರಗಳಲ್ಲಿ ಅಭಿನಯಿಸುತ್ತ ದಿನ ಕಳೆದಳು, 1965ರಲ್ಲಿ ತೀರಿಕೊಂಡಳು. ಹೊಸದರ ಹಂಬಲವು ಕೇಳುವವರಿಗೆ ಸುಖ; ಹಾಡುವವರಿಗೆ ಅದು ಕತ್ತಿಯೇಣು. ಅವಳನ್ನು ಮೇಲಕ್ಕೆತ್ತಿದ್ದೂ ಅದೇ, ಅವಳಿಂದ ಮುಖ ತಿರುಗಿಸಿದ್ದೂ ಅದೇ.

ಪ್ಲೇಟಿಗೆ ಹತ್ತದೆ ಉಳಿದವರ ಮಾತು ಇನ್ನೊಂದು ಬಗೆಯದು. ಬೆಳತನಕ ನಡೆಯುವ ಪಾರಿಜಾತವನ್ನು ಮೂರು ನಿಮಿಷಕ್ಕೆ ಇಳಿಸುವದು ಹೇಗೆ? ಸತ್ಯಭಾಮೆಯ ಸಿಟ್ಟು ಏರಿ ಇಳಿಯುವದಕ್ಕೇ ಒಂದು ತಾಸು ಬೇಕು; ಕೊರವಂಜಿಯ ಮಾತಿಗೆ ಮತ್ತೊಂದು. ಬೀಸುವ ಪದಕ್ಕಂತೂ ಮೊದಲೂ ಇಲ್ಲ, ಕೊನೆಯೂ ಇಲ್ಲ. ಜೋಳ ತೀರಿದಾಗ ಹಾಡು ತೀರಿತು. ಕಂಪನಿಯವರು ಮಾರಾಟವನ್ನು ನೋಡುವವರು. ನಸುಕಿನ ಕತ್ತಲೆಯಲ್ಲಿ ಹಾಡುವವಳನ್ನು ಹುಡುಕಿಕೊಂಡು ಬರುವವರಲ್ಲ. ಹುಡುಕಿಕೊಂಡು ಹೋದವರು ಈ ಸೀಮೆಯಲ್ಲಿಯೇ ಇದ್ದರು: ಅದೇ ಅಖಂಡ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನರೇ ಮೊದಲಾದವರು. ಅವರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಕನ್ನಡಿಗರಿಗೆ ತಮ್ಮ ತಾಯಂದಿರ ಕಾವ್ಯವು ಹೊಸ ಪುಸ್ತಕವಾಗಿ ಕೈಗೆ ಬಂತು. ಆದರೆ ಅವರ ಕೈಯಲ್ಲಿದ್ದುದು ಲೆಕ್ಕಣಿಕೆ ಮಾತ್ರ. ನುಡಿ ಉಳಿಯಿತು, ದನಿ ಉಳಿಯಲಿಲ್ಲ. ಹಂಗೇರಿಯಲ್ಲಿ ಬಾರ್ತೋಕ ಎಂಬ ಸಂಗೀತಕಾರನು 1906ರಿಂದಲೇ ಫೋನೋಗ್ರಾಫನ್ನು ಹೊತ್ತು ಹಳ್ಳಿಹಳ್ಳಿ ತಿರುಗಿ ರೈತರ ಹೆಂಗಸರ ಹಾಡನ್ನು ಮೇಣದ ಕೊಳವೆಗಳಲ್ಲಿ ಹಿಡಿದಿಟ್ಟನು. ಹಲಸಂಗಿಯವರಿಗೆ ಅಂಥ ಒಂದು ಯಂತ್ರವನ್ನು ಕೊಡಿಸುವ ಶ್ರೀಮಂತನು ಅಂದು ಇದ್ದಿದ್ದರೆ! ಹಿಂದುಸ್ಥಾನಕ್ಕೆ ಬಂದ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆಯು 1930ರ ದಶಕದಲ್ಲಿ ದಕ್ಷಿಣದ ಜಾನಪದ ದನಿಗಳನ್ನು ಮುದ್ರಿಸಿಕೊಂಡನೆಂಬುದು ಒಂದು ಸಮಾಧಾನ. ಆದರೆ ಅದು ಸಮುದ್ರದೆದುರು ಒಂದು ತಂಬಿಗೆ.

1950ರ ಜನೇವರಿ 8ರಂದು ಧಾರವಾಡದ ಆಕಾಶವಾಣಿಯು ಆರಂಭವಾಯಿತು. ಮಲ್ಲಿಕಾರ್ಜುನ ಮನಸೂರರ ವಚನಗಾಯನವೂ ಜಾನಪದ ಹಾಡುಗಾರರೂ ಮನೆಯೊಳಗೆ ಬಂದರು. ಬರಬರುತ್ತ ಪ್ಲೇಟಿನ ಪೆಟ್ಟಿಗೆ ಅಟ್ಟವನ್ನೇರಿತು. ಕ್ಯಾಸೆಟ್ಟಿನ ಕಾಲವು ಬಂದು ಹೋಯಿತು. ಇಂದು ಕೆರೂರಿನ ಬಸ್ಸು ನಿಲ್ದಾಣದಲ್ಲಿ ಕುಳಿತ ಹುಡುಗನು ಅಂಗೈಯಗಲದ ಯಂತ್ರದಲ್ಲಿ ಆರ್ಮ್‌ಸ್ಟ್ರಾಂಗನನ್ನೂ ಬಾರ್ತೋಕನು ಹಿಡಿದಿಟ್ಟ ಹಂಗೇರಿಯ ಮುದುಕಿಯನ್ನೂ ಬೀಳಗಿಯ ಅಮೀರಬಾಯಿಯನ್ನೂ ಕೇಳಬಲ್ಲನು. ಮುಂದೆ ಯಾವ ಹಾಡು ಬರಬೇಕೆಂಬುದನ್ನು ಆ ಯಂತ್ರವೇ ಗೊತ್ತುಮಾಡುತ್ತದೆ. ಅವನು ಕೇಳಿದ್ದನ್ನು ನೋಡಿ, ಅದರಂಥದನ್ನೇ ಮತ್ತೊಂದನ್ನು ಬಡಿಸುತ್ತದೆ. ಉಪಚಾರವು ದೊಡ್ಡದು, ಆದರೆ ಅಂಗಡಿಕಾರನು ತಪ್ಪಿ ಕಳಿಸಿದ ಪ್ಲೇಟಿನಂಥದು ಅಲ್ಲಿ ಬರುವದು ಕಡಿಮೆ. ಅದರಂಥದಲ್ಲದ್ದನ್ನು ಕೇಳಬೇಕಾದರೆ ಹೆಸರನ್ನು ತಾನೇ ಬರೆದು ಹುಡುಕಬೇಕು. ಹೆಸರು ಗೊತ್ತಿರಬೇಕಾದರೆ ಯಾರಾದರೂ ಹೇಳಿರಬೇಕು. ಆ ಕೆಲಸವು ಮೊದಲಿನಂತೆಯೇ ಮನೆಯ ಹಿರಿಯರ ಪಾಲಿಗೆ ಉಳಿದಿದೆ.

ಅವರ ಪಾಲಿಗೆ ಇನ್ನೊಂದು ಕೆಲಸವೂ ಉಂಟು. ಬಾದಾಮಿ, ಗುಳೇದಗುಡ್ಡ, ಇಳಕಲ್ಲು, ಹುನಗುಂದ ಸೀಮೆಯ ಹಳೆಯ ಮನೆಗಳ ಅಟ್ಟದ ಮೇಲೆ ಪ್ಲೇಟುಗಳು ಇನ್ನೂ ಇರಬಹುದು. ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗವು ಹೋಗಿ ಜನರು ನವನಗರಕ್ಕೆ ಮನೆ ಬದಲಿಸಿದಾಗ ಎಷ್ಟು ಪೆಟ್ಟಿಗೆಗಳು ಗುಜರಿಗೆ ಹೋದವೋ! ಅಮೀರಬಾಯಿಯ ಪ್ರಸಿದ್ಧ ಹಾಡುಗಳು ಕಳೆದುಹೋಗುವ ಭಯವಿಲ್ಲ. ಅವುಗಳ ಪ್ರತಿಗಳು ಎಲ್ಲೆಡೆ ಇವೆ. ಭಯವಿರುವದು ನಾಟಕ ಕಂಪನಿಗಳ ಸಣ್ಣ ನಟರು ಒಮ್ಮೆ ಮಾತ್ರ ಹಾಡಿ ಕೊಟ್ಟ ಕನ್ನಡ ಪದಗಳ ಪ್ಲೇಟುಗಳಿಗೆ. ಅವುಗಳ ಮೂಲ ಅಚ್ಚು ಕಂಪನಿಯಲ್ಲಿ ಉಳಿಯದಿದ್ದರೆ ಯಾವುದೋ ಮನೆಯಲ್ಲಿಯ ಒಂದು ಪ್ರತಿಯೇ ಆ ದನಿಯ ಕೊನೆಯ ಆಸರೆಯಾಗಿರಬಹುದು.

ಅಂಥವು ಸಿಕ್ಕರೆ ಒಂದರ ಮೇಲೊಂದು ಹೇರಿಡಬಾರದು, ಪುಸ್ತಕಗಳಂತೆ ನಿಲ್ಲಿಸಿಡಬೇಕು. ಅರಗಾದುದರಿಂದ ಬಿಸಿಲಿಗೆ ಇಟ್ಟರೆ ಬಾಗುತ್ತವೆ. ಧೂಳು ತೆಗೆಯಲು ಮೆತ್ತನ್ನ ಒಣ ಅರಿವೆ ಸಾಕು. ಸ್ಪಿರಿಟ್ಟನ್ನಂತೂ ಎಂದೂ ಹಚ್ಚಬಾರದು, ಅದು ಅರಗನ್ನೇ ಕರಗಿಸಿ ಹಾಡನ್ನು ಒರಸಿಬಿಡುತ್ತದೆ. ಇಂದಿನ ಪ್ಲೇಟುಗಳಿಗೆಂದು ಮಾಡಿದ ಯಂತ್ರದ ಸಣ್ಣ ಮುಳ್ಳು ಇವಕ್ಕೆ ಆಗದು. ಚೀಟಿ ಹರಿದುಹೋಗಿದ್ದರೂ ನಿರಾಶರಾಗಬೇಕಾಗಿಲ್ಲ. ಗೀರುಗಳು ಮುಗಿದು ಚೀಟಿ ಆರಂಭವಾಗುವ ನುಣುಪಾದ ಸುತ್ತಿನಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ, ಅರಗಿನಲ್ಲಿಯೇ ಒತ್ತಿದ ಕೆಲವು ಅಕ್ಷರಗಳೂ ಅಂಕಿಗಳೂ ಕಾಣುತ್ತವೆ. ಅವನ್ನು ಬರೆದಿಟ್ಟುಕೊಂಡು ಬಲ್ಲವರಿಗೆ ತೋರಿಸಿದರೆ, ಅದನ್ನು ಮುದ್ರಿಸಿದ ಕಂಪನಿ ಯಾವುದು, ಸುಮಾರು ಯಾವ ವರುಷ, ಒಮ್ಮೊಮ್ಮೆ ಹಾಡಿದವರು ಯಾರೆಂಬುದೂ ತಿಳಿದುಬರುತ್ತದೆ.